ಫೋರ್ಟ್ರಾನ್ ಮತ್ತು ನನ್ನ ಮುನಿಸು

ಆಗ ನನ್ನ ನಿವೃತ್ತಿಗೆ ಒಂದೇ ವರ್ಷ ಬಾಕಿ. ಚಾಮರಾಜಪೇಟೆಯ ನಮ್ಮ ಕಚೇರಿಯಲ್ಲಿ ನಾನು ಹಿರಿಯ ಪ್ರೋಗ್ರಾಮರ್. ಮಳೆ ಬಿದ್ದಾಗ ಯಾವ ರಾಜಕಾಲುವೆ ಎಷ್ಟು ಹೊತ್ತಿಗೆ ಉಕ್ಕೀತು ಎಂದು ದೊಡ್ಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಎಚ್ಚರಿಕೆ ಕಳಿಸುವುದು ನಮ್ಮ ಕೆಲಸ. ಇಪ್ಪತ್ತೈದು ವರ್ಷದ ಹಿಂದೆ ಆ ಲೆಕ್ಕದ ಪ್ರೋಗ್ರಾಮನ್ನು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ನಾನೇ. ಇಡೀ ಊರಿನ ಲೆಕ್ಕ ನಲವತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಹೊಸ ಮ್ಯಾನೇಜರ್ ಬಂದವರೇ, "ಫೋರ್ಟ್ರಾನಾ? ಮ್ಯೂಸಿಯಂಗೆ ಕೊಡೋಣ ಸಾರ್" ಎಂದು ಎಲ್ಲರೆದುರು ನಕ್ಕರು. ಅದನ್ನು ಹೊಸ ಭಾಷೆಯಾದ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುವ ಕೆಲಸ ಸ್ಮಿತಾ ಎಂಬ ಕಿರಿಯ ಇಂಜಿನಿಯರ್ ಪಾಲಿಗೆ ಬಂತು. ನನಗೆ ಮೈಯೆಲ್ಲ ಉರಿಯಿತು.

ಮೂರು ತಿಂಗಳಾದ ಮೇಲೆ ಆಕೆ ತಾನು ಬರೆದದ್ದರ ಪ್ರಿಂಟ್ ಹಿಡಿದು ಬಂದಳು. "ಸಾರ್, ನೀವೊಂದ್ಸಲ ನೋಡ್ಬಿಡಿ. ಆಮೇಲೇ ಹಾಕ್ತೀನಿ."

ಎರಡನೇ ಪುಟದಲ್ಲೇ ತಪ್ಪು ಕಣ್ಣಿಗೆ ಬಿತ್ತು. ಫೋರ್ಟ್ರಾನ್ ಅಂಕಿಗಳ ಕೋಷ್ಟಕವನ್ನು ಕಂಬಸಾಲಾಗಿ ಇಡುತ್ತದೆ, ಹೊಸ ಭಾಷೆ ಅಡ್ಡಸಾಲಾಗಿ. ಆಕೆ ಕೋಷ್ಟಕ ಓದುವ ನನ್ನ ಹಳೆಯ ಕ್ರಮವನ್ನೇ ಉಳಿಸಿಕೊಂಡಿದ್ದಳು. ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಆದರೆ ಗಾಂಧಿ ಬಜಾರಿನ ಒಂದೇ ಅಂಗಡಿಯಲ್ಲಿ ಸಾಮಾನೆಲ್ಲ ಕೊಳ್ಳದೆ, ಒಂದೊಂದಕ್ಕೂ ಬೀದಿಯುದ್ದ ಓಡಾಡಿದ ಹಾಗೆ ಹೊತ್ತು ಹಿಡಿಯುತ್ತದೆ. ಆಕೆ ಪರೀಕ್ಷೆ ಮಾಡಿದ್ದು ಒಂದೇ ಬಡಾವಣೆಯ ನಕ್ಷೆಯ ಮೇಲೆ. ಅಷ್ಟು ಚಿಕ್ಕ ಲೆಕ್ಕದಲ್ಲಿ ಈ ನಿಧಾನ ತಿಳಿಯುವಂತಿರಲಿಲ್ಲ.

"ಹೊಸ ಕಾಲದೋರು, ನೀವೇ ನೋಡ್ಕೊಳ್ಳಿ" ಎಂದು ಕಾಗದ ವಾಪಸು ಕೊಟ್ಟೆ. ಎಡವಲಿ, ಆಮೇಲೆ ನನ್ನ ಹತ್ತಿರವೇ ಬರುತ್ತಾರೆ ಎಂಬ ಹೊಟ್ಟೆಕಿಚ್ಚು.

ಆ ಮಳೆಗಾಲದ ಒಂದು ದಿನ ನಾನು ರಜೆ ಹಾಕಿ ಗವಿಪುರದ ಮನೆಯಲ್ಲಿದ್ದೆ. ಮಧ್ಯಾಹ್ನ ಎರಡಕ್ಕೆ ಮಳೆ ಹಿಡಿಯಿತು. ಕಚೇರಿಯಲ್ಲಿ ಸ್ಮಿತಾಳ ಹೊಸ ಪ್ರೋಗ್ರಾಮಿನಲ್ಲಿ ಶುರುವಾದ ಲೆಕ್ಕ ಸಂಜೆ ಐದಾದರೂ ಮುಗಿಯಲಿಲ್ಲ, ಎಚ್ಚರಿಕೆಯೂ ಹೋಗಲಿಲ್ಲ. ಅಷ್ಟರೊಳಗೆ, ನಾಲ್ಕಕ್ಕೇ, ರಾಜಕಾಲುವೆ ಉಕ್ಕಿ ತನ್ನ ಪಕ್ಕದ ಸಾಲಿನ ಮನೆಗಳಿಗೆ ನುಗ್ಗಿತ್ತು. ಅದರಲ್ಲೊಂದು, ನಮ್ಮ ಕಚೇರಿಯಲ್ಲಿ ಕಾಫಿ ಮಾಡಿಕೊಡುತ್ತಿದ್ದ ರತ್ನಮ್ಮನದು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಗಂಡ ಒಳಗೆ ಒಬ್ಬನೇ ಇದ್ದ. ಅಕ್ಕಪಕ್ಕದವರು ಬಾಗಿಲು ಒಡೆಯುವ ಹೊತ್ತಿಗೆ ಅವನ ಜೀವ ಹೋಗಿತ್ತು.

ಮರುದಿನ ನಾನು ಸ್ಮಿತಾ ಬರೆದದ್ದರಲ್ಲಿ ಎರಡು ಸಾಲುಗಳನ್ನು ಅದಲುಬದಲು ಮಾಡಿದೆ. ಹೊಸ ಭಾಷೆಯಲ್ಲೂ ಅದೇ ನಲವತ್ತು ನಿಮಿಷ.

ಕಾರ್ಯ ಮುಗಿಸಿ ರತ್ನಮ್ಮ ಕೆಲಸಕ್ಕೆ ಬಂದಳು. ಯಾರನ್ನೂ ಬೈಯಲಿಲ್ಲ. "ನಾನು ಇಲ್ಲೇ ಇದ್ನಲ್ಲ ಸಾರ್. ಒಂದ್ ಮಾತು ಹೇಳಿದ್ರೆ ಓಡೋಗಿ ಎತ್ಕೊಂಡ್ ಬರ್ತಿದ್ದೆ" ಎಂದಳು.

"ತಪ್ಪು ನಂದು ರತ್ನಮ್ಮ" ಎಂದು ಸ್ಮಿತಾ ಅತ್ತಳು. ನಾನು ಕಾಫಿ ಲೋಟ ಎತ್ತಿಕೊಂಡು ನನ್ನ ಮೇಜಿಗೆ ಹೋದೆ.

ಇಂಥ ಭಾರಿ ಲೆಕ್ಕಕ್ಕೆ ಹಳೆಯ ಭಾಷೆ ಇನ್ನೂ ಆಗುತ್ತದೆಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಆಗುತ್ತದೆ. ಹೊಸದೂ ಆಗುತ್ತದೆ. ಗೊತ್ತಿದ್ದವನು ಬಾಯಿ ಬಿಡಬೇಕು, ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕಲಿತೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ವರ್ಷವೇ ಕೆಲಸ ಬಿಟ್ಟ ಸ್ಮಿತಾ ತಪ್ಪು ತನ್ನದೇ ಎಂದು ಇವತ್ತಿಗೂ ನಂಬಿದ್ದಾಳೆ. ಆಕೆಯ ನಂಬರ್ ನನ್ನ ಹತ್ತಿರ ಇದೆ. ಇನ್ನೂ ಫೋನ್ ಮಾಡಿಲ್ಲ.