ಕಹಿಯ ರುಚಿ ನೋಡಲು ನಿಜ್ವಾಕ್ಕೆ

ಕಾರಿನಲ್ಲಿ ನಾವು ಮೂವರಿದ್ದೆವು. ಓಡಿಸುತ್ತಿದ್ದವಳು ನಾನು, ಪಕ್ಕದಲ್ಲಿ ಬಸವರಾಜ, ಹಿಂದಿನ ಸೀಟಿನಲ್ಲಿ ಬುತ್ತಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಅವನ ಹೆಂಡತಿ ಗಿರಿಜಾ. ಮಸ್ಕತ್ತಿನ ದಾರ್ಸೈಟ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನವರು, ಗದಗಿನ ಕಡೆಯವರು. ಅವರ ಮಗಳು ಅನಘಾಳನ್ನು ಲೆಕ್ಕ ಕಲಿಯಲು ನಮ್ಮ ಯಜಮಾನರ ಬಳಿ ಕೂರಿಸಿ, ಜನವರಿಯ ಒಂದು ಶನಿವಾರ ಬೆಳಿಗ್ಗೆ ನಿಜ್ವಾದ ದಾರಿ ಹಿಡಿದೆವು.

ತೈಲದ ಬೆಲೆ ಬಿದ್ದು ಎರಡನೆಯ ವರ್ಷ ನಡೆಯುತ್ತಿತ್ತು. ಮಸ್ಕತ್ತಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ನೋಟಿಸಿನ ಮಾತು ಬರುತ್ತಿತ್ತು. ಬಸವರಾಜ ಓದಿದ್ದು ಫಾರ್ಮಸಿ, ದುಡಿದದ್ದು ತೈಲಬಾವಿ ಕಂಪನಿಯೊಂದರ ಲ್ಯಾಬಿನಲ್ಲಿ. ಅವನಿಗೂ ನೋಟಿಸ್ ಬಂದಿತ್ತು, ಕಂಪನಿಯ ಕಾರು ಆಗಲೇ ವಾಪಸ್ಸಾಗಿತ್ತು. ಫೆಬ್ರವರಿಯೊಳಗೆ ಬೇರೆ ಕೆಲಸ, ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಸಿಗದಿದ್ದರೆ ಗಂಡ, ಹೆಂಡತಿ, ಮಗಳು ಮೂವರೂ ಊರಿಗೆ ವಿಮಾನ ಹತ್ತಬೇಕು. ಅನಘಾಳ ಹತ್ತನೆಯ ತರಗತಿಯ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ. ಅಷ್ಟರಲ್ಲಿ, ನಿಜ್ವಾದ ಚೀನೀ ವೈದ್ಯೆಯೊಬ್ಬರಿಗೆ ಗಿಡಮೂಲಿಕೆಗಳ ಉಗ್ರಾಣ ನೋಡಿಕೊಳ್ಳುವವರು ಬೇಕಾಗಿದ್ದಾರೆ ಎಂದು ಯಾರೋ ಪುಣ್ಯಾತ್ಮರು ಹೇಳಿದರು.

ನೂರಾ ಅರವತ್ತು ಚಿಲ್ಲರೆ ಕಿಲೋಮೀಟರ್. ಫಂಜಾ ದಾಟಿದ ಮೇಲೆ ಎರಡೂ ಕಡೆ ಬೋಳು ಗುಡ್ಡಗಳು, ನಡುವೆ ಕನ್ನಡಿಯಂಥ ರಸ್ತೆ. ಮಲಯಾಳಿಯೊಬ್ಬರ ಅಂಗಡಿಯ ಮುಂದೆ ನಿಲ್ಲಿಸಿ ನೂರು ಬೈಸಾದ ಕಡಕ್ ಚಹಾ ಕುಡಿದೆವು. ಬಸವರಾಜ ಲೋಟ ಹಿಡಿದುಕೊಂಡೇ ಕೂತಿದ್ದ.

“ಅಲ್ಲಿ ಹೋಗಿ ಭಾಳ ಮಾತಾಡಬ್ಯಾಡ್ರಿ,” ಎಂದಳು ಗಿರಿಜಾ.

“ಮಾತಾಡ್ಲಾರ್ದ ಕೆಲ್ಸ ಹ್ಯಾಂಗ ಕೇಳ್ಲಿ?”

“ಕೇಳ್ರಿ. ಆದ್ರ ಕಪ್ಪತಗುಡ್ಡದ ಕತಿ ಮಾತ್ರ ತಗೀಬ್ಯಾಡ್ರಿ. ಅಕ್ಕಾರ, ನೀವರ ಹೇಳ್ರಿ.”

ಗದಗಿನ ಆ ಗುಡ್ಡದಲ್ಲಿ ಅಜ್ಜನ ಜೊತೆ ಬೇರು-ನಾರು ಹುಡುಕಿದ ಕತೆ ನಮ್ಮ ಕಟ್ಟಡದಲ್ಲಿ ಕೇಳದವರೇ ಇರಲಿಲ್ಲ. “ಅಷ್ಟು ದೂರದ ಕತೆ ಇಷ್ಟು ದೂರ ಬಂದಿದೆ, ಇನ್ನು ನಾನು ತಡೆದರೆ ನಿಲ್ಲುತ್ಯೇ?” ಎಂದೆ. ಆಗ ಅವನೂ ನಕ್ಕ.

ನಿಜ್ವಾದಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಕೋಟೆಯ ಹಿಂದಿನ ಬೀದಿಯಲ್ಲಿ, ಹೊಲಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು ಚಿಕಿತ್ಸಾಲಯ. ಡಾಕ್ಟರ್ ಮೇಯ್ ಚಿಕ್ಕ ಮೈಕಟ್ಟಿನ, ಚುರುಕು ಕಣ್ಣಿನ ಹೆಂಗಸು, ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ಮೂಲೆಯ ಕುರ್ಚಿಯಲ್ಲಿ ಒಬ್ಬ ಒಮಾನಿ ಹಿರಿಯರು ಮಂಡಿಗೆ ಸೂಜಿ ಚುಚ್ಚಿಸಿಕೊಂಡು, ಮದುವೆ ಮನೆಯಲ್ಲಿ ಕೂತವರಷ್ಟು ಆರಾಮಾಗಿದ್ದರು.

ಮೇಯ್ ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟರು. ಮೂರರಲ್ಲಿ ಹಳದಿ ಚೂರುಗಳು, ಒಂದರಲ್ಲಿ ಒಣಗಿದ ಹಸಿರು ಕಡ್ಡಿ. “ನಾಲ್ಕೂ ಕಹಿ, ನಾಲ್ಕೂ ತಂಪು. ಆದರೆ ಕೆಲಸ ಬೇರೆ ಬೇರೆ. ಹಿಂದಿನ ಹುಡುಗ ಹಳದಿ ಮೂರನ್ನೂ ಒಂದೇ ಡಬ್ಬಿಗೆ ಸುರಿದ. ರುಚಿ ನೋಡಿ, ಹೇಗೆ ಬೇರೆ ಎಂದು ಹೇಳಿ,” ಎಂದು, ಉಗುಳಲು ಕಾಗದದ ಲೋಟವನ್ನೂ ಮುಂದೆ ಸರಿಸಿದರು.

ಬಸವರಾಜನ ಕೈ ನೇರ ಹಸಿರು ಕಡ್ಡಿಗೆ ಹೋಯಿತು. ಬಾಯಿಗೆ ಹಾಕಿದವನೇ, “ಅಕ್ಕಾರ, ಇದು ನಮ್ಮ ನೆಲಬೇವು!” ಎಂದು ಕೂಗಿದ. ಚೀನೀಯರೂ ಜ್ವರಕ್ಕೆ, ಗಂಟಲಿಗೆ ಅದನ್ನೇ ಬಳಸುತ್ತಾರಂತೆ. ಪರದೇಶದಲ್ಲಿ ಸೋದರಮಾವ ಸಿಕ್ಕಂಥ ಸಂತೋಷ ಅವನಿಗೆ. ಚೆನ್ನಾಗಿ ಅಗಿದು ನುಂಗಿಯೇ ಬಿಟ್ಟ.

“ಉಗುಳ್ರೀ!” ಎಂದಳು ಗಿರಿಜಾ.

“ಔಷಧ ಉಗುಳ್ತಾರೇನ? ಅಜ್ಜ ಬೆನ್ನಿಗೆ ಗುದ್ದತಿದ್ದ.”

ಅಲ್ಲಿಗೆ ಕೆಲಸ ಕೆಟ್ಟಿತು. ಕಹಿಗೆ ರಾಜ ನೆಲಬೇವು, ಅದು ನಾಲಿಗೆಯನ್ನು ಹಿಡಿದರೆ ಸುಲಭಕ್ಕೆ ಬಿಡುವುದಲ್ಲ. ಹಳದಿ ಚೂರುಗಳನ್ನು ಒಂದಾದ ಮೇಲೊಂದು ಬಾಯಿಗಿಟ್ಟ, ಮೂರೂ ಒಂದೇ. ಮತ್ತೆ ಇಟ್ಟ. ಜನವರಿಯ ಚಳಿಯಲ್ಲೂ ಹಣೆಯ ಮೇಲೆ ಬೆವರು. ನನಗೆ ತಡೆಯಲಾಗಲಿಲ್ಲ. “ಅಂದಾಜಲ್ಲಿ ಏನೋ ಒಂದು ಹೇಳ್ಬಿಡಪ್ಪ,” ಎಂದೆ ಕನ್ನಡದಲ್ಲಿ.

“ಬ್ಯಾಡ್ರಿ ಅಕ್ಕಾರ. ನಾಳೆ ಇದನ್ನ ಯಾರೋ ಕುಡಿಯೋರದಾರ.” ವೈದ್ಯೆಯ ಕಡೆ ತಿರುಗಿ, ನಾಲಿಗೆ ಕೆಲಸ ಮಾಡುತ್ತಿಲ್ಲ, ಈಗ ಹೇಳಲಾರೆ ಎಂದ. ಗಿರಿಜಾ ಕಣ್ಣು ಮುಚ್ಚಿಕೊಂಡಳು.

ಮೇಯ್ ಗಡಿಯಾರ ನೋಡಿದರು. “ಊಟ ಮಾಡಿ ಬನ್ನಿ. ಮೂರು ಗಂಟೆಗೆ.”

ಒಮಾನಿ ಹಿರಿಯರು ಕೂತಲ್ಲಿಂದಲೇ ತಮ್ಮ ಖರ್ಜೂರದ ಡಬ್ಬಿ ಚಾಚಿ, “ತಫದ್ದಲ್, ತಫದ್ದಲ್,” ಎಂದು ಉಪಚರಿಸಿದರು. ಫ್ಲಾಸ್ಕಿನಿಂದ ಕಹ್ವಾ ಕಾಫಿ ಬಗ್ಗಿಸಿದರು. “ಕಡವಾ ಜಾಯೇಗಾ, ಭಾಯಿ,” ಕಹಿ ಹೋಗುತ್ತದೆ ಎಂದು ಸಮಾಧಾನ ಹೇಳಿದರು. ಆ ಮುದುಕರ ಮುಖ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಖರ್ಜೂರದ ತೋಟದಲ್ಲಿ, ಸಣ್ಣ ನೀರಿನ ಕಾಲುವೆಯ ಪಕ್ಕ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

“ರೊಟ್ಟಿನೂ ಕಹಿ ಆಗೇತಿ,” ಎಂದ ಬಸವರಾಜ.

“ಲಗ್ನ ಆದಾಗಿಂದ ಕಾಯ್ಕೋತ ಇದ್ರೇನು ಈ ಮಾತಿಗೆ? ಮೊಸರು ತಿನ್ರಿ ಸುಮ್ಮಕ,” ಎಂದು ಅವಳು ಇನ್ನಷ್ಟು ಸುರಿದಳು. ನಗುತ್ತಿದ್ದಳು, ಆದರೆ ತಾನು ಒಂದು ತುತ್ತೂ ತಿನ್ನಲಿಲ್ಲ. ಆ ರೊಟ್ಟಿಯಲ್ಲಿ ಎರಡು ನಾನೇ ತಿಂದೆ, ನಾಚಿಕೆಯಿಲ್ಲದೆ.

ಮೂರಕ್ಕೆ ಮತ್ತೆ ಮಹಡಿ ಹತ್ತಿದೆವು. ಈ ಸಲ ಬಸವರಾಜ ಮೊದಲು ಕಣ್ಣಿಂದ ನೋಡಿದ, ಬೆರಳಿಗೆ ಹಳದಿ ಹತ್ತುವಂತೆ ಮುರಿದ, ಮೂಸಿದ. ಆಮೇಲೆ ಸಾಸಿವೆಯಷ್ಟು ಕಚ್ಚಿ, ಮನಸ್ಸಿಲ್ಲದ ಮನಸ್ಸಿನಿಂದ ಉಗುಳಿ, ಬಾಯಿ ಮುಕ್ಕಳಿಸಿದ. ಒಂದು ತೊಗಟೆ, ಅಗಿದರೆ ಲೋಳೆ ಬರುತ್ತದೆ. ಒಂದು ಬೇರು, ನಡುವೆ ಟೊಳ್ಳು, ಇದ್ದುದರಲ್ಲಿ ಕಹಿ ಕಡಿಮೆ. ಮೂರನೆಯದು ಕೋಳಿಯ ಕಾಲಿನಂತೆ ಗಂಟುಗಂಟು, ಕಹಿ ನೆತ್ತಿಗೇರುತ್ತದೆ. ಮೇಯ್ ಒಂದೊಂದಕ್ಕೂ ತಲೆಯಾಡಿಸಿ ಚೀನೀ ಹೆಸರು ಹೇಳಿದರು: ಹುವಾಂಗ್‌ಬಾಯ್, ಹುವಾಂಗ್‌ಚಿನ್, ಹುವಾಂಗ್‌ಲಿಯಾನ್. ತೊಗಟೆ ಹೊಕ್ಕುಳಿನ ಕೆಳಗಿನ ಉಷ್ಣಕ್ಕೆ, ಟೊಳ್ಳು ಬೇರು ಎದೆಯದಕ್ಕೆ, ಗಂಟು ಬೇರು ಹೊಟ್ಟೆಯದಕ್ಕೆ ಎಂದು ಅವರ ಶಾಸ್ತ್ರ. ಹೊಟ್ಟೆ ತಣ್ಣಗಾಗಿ ಸೊರಗಿದವರಿಗೆ ಮೂರನ್ನೂ ಕೊಡುವಂತಿಲ್ಲ.

“ನಮ್ಮ ಅಜ್ಜನೂ ಹಾಗೇ ಹೇಳ್ತಿದ್ದ,” ಎಂದು ಬಸವರಾಜ ಇಂಗ್ಲಿಷಿನಲ್ಲಿ ಕಪ್ಪತಗುಡ್ಡ ಹತ್ತಲು ಶುರುಮಾಡಿದ. ಗಿರಿಜಾ ಹಣೆ ಹಿಡಿದುಕೊಂಡಳು. ವೈದ್ಯೆ ಎದ್ದು ಎಲ್ಲರಿಗೂ ಹಬೆಯಾಡುವ ಚಹಾ ತಂದುಕೊಟ್ಟು, ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕತೆ ಕೇಳಿದರು. ಕೊನೆಗೆ, ಕಫೀಲ್ ಜೊತೆ ಮಾತಾಡಿ ಫೋನ್ ಮಾಡುತ್ತೇನೆ ಎಂದರು. ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಬರುವಾಗ ಗುಡ್ಡಗಳು ಕೆಂಪಗಾಗಿದ್ದವು. ಹೆಸರು ಕೂಡ ಗೊತ್ತಿಲ್ಲದ ಮುದುಕರ ಖರ್ಜೂರ, ಪರೀಕ್ಷೆಯನ್ನು ಮಧ್ಯಾಹ್ನದವರೆಗೆ ಕಾಯಿಸಿದ ಹೆಂಗಸಿನ ತಾಳ್ಮೆ — ಆ ನಾಡಿನಲ್ಲಿ ಇಂಥವು ನಮಗೆ ಎಷ್ಟೋ ಸಲ ಸಿಕ್ಕಿವೆ. ಋಣ ಎಂದರೆ ನನಗೆ ನೆನಪಾಗುವುದು ಇಂಥವೇ.

ಮುಂದಿನ ವಾರ ಫೋನ್ ಬಂತು. ಫೆಬ್ರವರಿಯಲ್ಲಿ ಬಸವರಾಜ ನಿಜ್ವಾದಲ್ಲಿ ಕೆಲಸಕ್ಕೆ ಸೇರಿದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಾರ್ಚಿನಲ್ಲಿ ಪರೀಕ್ಷೆಯ ಮೊದಲ ದಿನ ರಜೆ ಹಾಕಿ ಬಂದು, ಮಗಳನ್ನು ಶಾಲೆಯ ಗೇಟಿನವರೆಗೆ ತಾನೇ ಕರೆದುಕೊಂಡು ಹೋದ. ಹಾಲ್ ಟಿಕೆಟ್ ಕೊಡಲು ಅವನು ಕೈ ಚಾಚಿದಾಗ ಅನಘಾ, “ಪಪ್ಪಾ, ವೈ ಆರ್ ಯುವರ್ ಫಿಂಗರ್ಸ್ ಸೋ ಯೆಲ್ಲೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೆಳತಿಯರ ಜೊತೆ ಒಳಗೆ ಓಡಿದಳು.