ಅಮ್ಮನಿಗೆ ಕಾಣುತ್ತಿದ್ದ ಗಾಡಿ

ವಾರಕ್ಕೊಮ್ಮೆ ಓಡುವ ಅಹಮದಾಬಾದ್ ಗಾಡಿಯಲ್ಲಿ ನನಗೆ ಸಿಕ್ಕಿದ್ದು ಬದಿಯ ಮೇಲಿನ ಬರ್ತು. ಅರವತ್ತೆರಡರ ಮಂಡಿಗೆ ಅದನ್ನು ಹತ್ತಿ ಇಳಿಯುವುದೇ ಒಂದು ಪ್ರವಾಸ. ಹುಬ್ಬಳ್ಳಿಯಿಂದ ಕಟ್ಟಿಕೊಂಡು ಹೊರಟ ರೊಟ್ಟಿ, ಶೇಂಗಾ ಹಿಂಡಿ ಮಿರಜ ದಾಟುವಷ್ಟರಲ್ಲಿ ಮುಗಿದವು. ಮುಂದಿನದೆಲ್ಲ ರೈಲಿನ ಚಹಾ. ಮರುದಿನ ಅಹಮದಾಬಾದಿನ ಕಾಲೂಪುರ ನಿಲ್ದಾಣದಲ್ಲಿ ಇಳಿದಾಗ ಫೆಬ್ರವರಿ ಬಿಸಿಲು ಹಿತವಾಗಿತ್ತು, ಗಾಳಿಯಲ್ಲಿ ಮಾತ್ರ ಧೂಳು.

ಊರು ನೋಡಲು ಹೊರಟಿದ್ದೇನೆ ಎಂದು ಓಣಿಯವರಿಗೆಲ್ಲ ಹೇಳಿದ್ದೆ. ಅದು ಸುಳ್ಳು. ನನ್ನ ತಮ್ಮನ ಮಗಳು ವಿದ್ಯಾ ಇಲ್ಲಿಯ ವಟ್ವಾದ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಕಾರ್ತಿಕದಲ್ಲಿ ಅವಳ ನಿಶ್ಚಯವಾಗಿತ್ತು. ಗದಗಿನ ಆ ಸಂಬಂಧ ಹುಡುಕಿದವಳು ನಾನೇ. ಮೇ ತಿಂಗಳಲ್ಲಿ ಮದುವೆ. ಹೀಗಿರುವಾಗ ಹುಡುಗನ ತಾಯಿ ಗಿರಿಜಕ್ಕ ಒಂದು ಮಧ್ಯಾಹ್ನ ಫೋನು ಮಾಡಿ, ದನಿ ತಗ್ಗಿಸಿ, ಒಂದೇ ಮಾತು ಹೇಳಿದ್ದರು.

“ಹುಡುಗಿ ಪ್ರತಿ ಶನಿವಾರ ಹೆರಿಗಿ ಆಸ್ಪತ್ರಿಗೆ ಹೋಗಾಕತ್ತಾಳ. ನಾ ಯಾರ ಮುಂದೂ ಅಂದಿಲ್ಲ. ನೀವs ಒಮ್ಮೆ ಹೋಗಿ ಬರ್ರಿ.”

ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಮದುವೆಗೆ ಮುಂಚೆ ಹುಡುಗಿ ಹೆರಿಗೆ ಆಸ್ಪತ್ರೆಗೆ ಹೋದರೆ ಜನ ಏನು ತಿಳಿಯುತ್ತಾರೋ ಅದನ್ನೇ ನಾನೂ ತಿಳಿದೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರವರ ಕಾಗದಗಳನ್ನು ಕೈಯಲ್ಲಿ ಹಿಡಿದವಳು ನಾನು, ಒಂದನ್ನೂ ಒಡೆದು ನೋಡಿದವಳಲ್ಲ. ಕಾರ್ಡುಗಳ ಮಾತು ಬೇರೆ, ಅವು ತಾವಾಗಿಯೇ ಓದಿಸಿಕೊಳ್ಳುತ್ತಿದ್ದವು. ಅಂಥ ನಾನು ಸೋದರಸೊಸೆಯ ಮುಚ್ಚಿದ ಲಕೋಟೆ ಒಡೆಯಲು ಟಿಕೀಟು ತೆಗೆಸಿದ್ದೆ.

ವಿದ್ಯಾ ನಿಲ್ದಾಣಕ್ಕೆ ಬಂದಿದ್ದಳು. ಫೋನಿನ ಆ್ಯಪೊಂದರಲ್ಲಿ ಎರಡು ಸಲ ಬೆರಳಾಡಿಸಿದಳು, ಬಾಡಿಗೆ ಕಾರು ಬಂತು. ಮಣಿನಗರದಲ್ಲಿ ಅವಳ ಬಾಡಿಗೆ ಮನೆ, ಎರಡು ಕೋಣೆ, ಮೂರನೇ ಮಹಡಿ. ಅವಳ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಎಷ್ಟು ತಿಕ್ಕಿದರೂ ಹೋಗುವುದಿಲ್ಲವಂತೆ. ಮುಖ ನೋಡಿದೆ, ನಡಿಗೆ ನೋಡಿದೆ, ಉಣ್ಣುವುದನ್ನು ನೋಡಿದೆ. ಮೆಂತ್ಯದ ಥೇಪ್ಲಾ ರೊಟ್ಟಿ ಮೂರು ತಿಂದಳು, ಮೊಸರು ಬಡಿಸಿಕೊಂಡಳು. ನನಗೆ ಏನೂ ಗೊತ್ತಾಗಲಿಲ್ಲ.

ಮರುದಿನ ಶನಿವಾರ. ಸಂಜೆ ನಾಲ್ಕಕ್ಕೆ ನರೋಡಾಕ್ಕೆ ಹೋಗಬೇಕು ಎಂದಳು. ನಾನೂ ಬರುತ್ತೇನೆ ಎಂದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ, ಖುಷಿಯಿಂದ ಹೂಂ ಎಂದಳು. ಮುಕ್ಕಾಲು ಗಂಟೆಯ ದಾರಿ. ಕಾರು ಒಂದು ಮೂಲೆಯಲ್ಲಿ ನಿಂತಿತು. ಎದುರಿಗೆ ಗುಲಾಬಿ ಬಣ್ಣದ ಕಟ್ಟಡ, ಗೋಡೆಯ ಮೇಲೆ ತೊಟ್ಟಿಲ ಚಿತ್ರ. ಗುಜರಾತಿ ಓದಲು ಬಾರದಿದ್ದರೂ ತೊಟ್ಟಿಲು ಓದಲು ಬರುತ್ತದೆ.

ವಿದ್ಯಾ ಆ ಕಟ್ಟಡದ ಕಡೆ ತಿರುಗಿಯೂ ನೋಡಲಿಲ್ಲ. ಅದರ ಪಕ್ಕದ ಸಂದಿಯಲ್ಲಿ ನಡೆದಳು. ಕಾರು ಹೋಗದಷ್ಟು ಇಕ್ಕಟ್ಟಿನ ಸಂದಿ. ಅದಕ್ಕಾಗಿ ಕಾರಿನ ಆ್ಯಪಿನಲ್ಲಿ ಇಳಿಯುವ ಜಾಗವೆಂದು ಆಸ್ಪತ್ರೆಯನ್ನೇ ಹಾಕಿಕೊಳ್ಳುತ್ತೇನೆ ಎಂದು ಹೇಳುತ್ತಲೇ ಹೋದಳು. ಕೊನೆಯಲ್ಲಿ ಬಾಗಲಕೋಟೆ ಕಡೆಯ ರೈಲ್ವೆ ನೌಕರರೊಬ್ಬರ ಮನೆ. ಅವರ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದು ಬೆಳೆದದ್ದು ಇಲ್ಲೇ, ತಮ್ಮೊಳಗೆ ಮಾತು ಹಿಂದಿ, ಗುಜರಾತಿ. ಊರಿನ ಅಜ್ಜಿಯ ಫೋನು ಬಂದರೆ ಕನ್ನಡ ಬಾರದೆ ಓಡಿ ಹೋಗುತ್ತಾರಂತೆ. ವಿದ್ಯಾ ಶನಿವಾರಕ್ಕೊಮ್ಮೆ ಅವರಿಗೆ ಕನ್ನಡ ಕಲಿಸುತ್ತಾಳೆ, ಆ ಮನೆಯೊಡತಿ ಅವಳಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಆ ದಿನ ಪಾಠ ಒತ್ತಕ್ಷರ. ಹಿರಿಯವಳು ‘ಅಕ್ಕ’ ಬರೆದು ‘ಅಕ’ ಎಂದು ಓದಿದಳು. ನಾನು ಮೂಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತ, ಸಮಾಧಾನಕ್ಕೆ ಕಣ್ಣು ಒರೆಸಿಕೊಂಡೆ. ಪಲ್ಯ ಖಾರ ಎಂದು ಹೇಳಿದೆ.

ಒಂದು ಗಂಟು ಬಿಚ್ಚಿತು, ಇನ್ನೊಂದು ಉಳಿಯಿತು. ಗಿರಿಜಕ್ಕನಿಗೆ ಇದನ್ನು ಮುಟ್ಟಿಸಿದವರು ಯಾರು? ಉಂಡ ಮನೆಯವರ ಮೇಲೆಯೇ ನನಗೆ ಅನುಮಾನ ಬಂತು. ಆ ಮನೆಯೊಡತಿಗೆ ಗದಗಿನಲ್ಲಿ ನೆಂಟರಿದ್ದಾರೆ ಎಂದು ಮಾತಿನ ನಡುವೆ ಕೇಳಿ ತಿಳಿದುಕೊಂಡಿದ್ದೆ. ಊರಿಗೆ ಹೋದ ಮೇಲೆ ಗಿರಿಜಕ್ಕನ ಎದುರಿಗೇ ಕೂತು ಎಲ್ಲ ಹೇಳಿದರಾಯಿತು, ವಿದ್ಯಾಳಿಗೆ ಏನೂ ತಿಳಿಯುವುದು ಬೇಡ ಎಂದು ನಿರ್ಧರಿಸಿದೆ.

ಸೋಮವಾರ ವಿದ್ಯಾಳಿಗೆ ಸೂರತ್ತಿನ ಸೀರೆ ಗಿರಣಿಯೊಂದರಲ್ಲಿ ಬಣ್ಣ ಹೊಂದಿಸಿ ತೋರಿಸುವ ಕೆಲಸವಿತ್ತು. ನನ್ನ ಊರಿನ ಗಾಡಿ ಸೂರತ್ತಿನ ಮೇಲೆಯೇ ಹೋಗುವುದರಿಂದ ನಾನೂ ಜೊತೆಗೆ ಹೊರಟೆ. ಕಾರ್ಖಾನೆಯವರ ಖರ್ಚಿನಲ್ಲಿ ಅವಳು ಅದೇ ಆ್ಯಪಿನಿಂದ ಕಾರು ಗೊತ್ತು ಮಾಡಿದಳು. ಬೆಳಿಗ್ಗೆ ಏಳಕ್ಕೆ ಬಿಟ್ಟೆವು. ಚಾಲಕ ರಮೇಶಭಾಯಿ, ಐವತ್ತರ ಆಸುಪಾಸು, ಮಾತುಗಾರ. ವಡೋದರಾಕ್ಕೆ ನೂರಾ ಹತ್ತು ಕಿಲೋಮೀಟರ್, ನೇರ ರಸ್ತೆ, ನೋಡಲು ಏನೂ ಇಲ್ಲ. ಹಾಗಾಗಿ ಅವರ ಮಾತು ಕೇಳಿದೆ.

ಕೆಲಸಕ್ಕೆ ಸೇರುವಾಗ ಆ್ಯಪು ಅವರ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ನೋಡಲು ಕೇಳಿತ್ತಂತೆ. ಇವರು ಒಪ್ಪಿಗೆ ಒತ್ತಿದ್ದರು. ಸ್ವಲ್ಪ ದಿನಕ್ಕೆ ಅದರಲ್ಲಿದ್ದವರಿಗೆಲ್ಲ ‘ನಿಮ್ಮ ರಮೇಶಭಾಯಿ ನಮ್ಮಲ್ಲಿದ್ದಾರೆ, ನೀವೂ ಬನ್ನಿ’ ಎಂದು ಸಂದೇಶ ಹೋಯಿತು. ಆರು ವರ್ಷದಿಂದ ಮಾತು ಬಿಟ್ಟ ಭಾವಮೈದುನನಿಗೂ ಹೋಯಿತು. ಅವನು ಅದನ್ನು ರಾಜಿಯ ಕರೆ ಎಂದು ತಿಳಿದು ಮಿಠಾಯಿ ಡಬ್ಬಿ ಹಿಡಿದು ಮನೆಗೆ ಬಂದ. ಬಂದವನನ್ನು ಹೊರಗೆ ನಿಲ್ಲಿಸಲಾಗುತ್ತದೆಯೇ, ಚಹಾ ಕೊಡಬೇಕಾಯಿತು ಎಂದರು ರಮೇಶಭಾಯಿ. ನಾವಿಬ್ಬರೂ ನಕ್ಕೆವು. ಆಮೇಲೆ ಆ ನಗು ನೆನಪಾದಾಗ ನಾಚಿಕೆಯಾಯಿತು.

ವಡೋದರಾದಲ್ಲಿ ಸೇವ್ ಉಸಳ್ ತಿನ್ನದೆ ಮುಂದೆ ಹೋಗಬಾರದು ಎಂದು ಒಂದು ಅಂಗಡಿಯ ಮುಂದೆ ನಿಲ್ಲಿಸಿದರು. ಬಟಾಣಿಯ ಕೆಂಪು ಸಾರಿನ ಮೇಲೆ ಬೊಗಸೆ ಸೇವು, ಜೊತೆಗೆ ಪಾವು. ಜನ ತುಂಬಿತ್ತು, ಕಾದು ಕೂತೆವು. ವಿದ್ಯಾಳ ಫೋನು ಟಿಣ್ ಎಂದಿತು. ಗಾಡಿ ಬಹಳ ಹೊತ್ತಿನಿಂದ ನಿಂತಿದೆ, ಎಲ್ಲ ಸರಿ ಇದೆಯೇ ಎಂದು ಆ್ಯಪು ಕೇಳುತ್ತಿತ್ತು. ಬೆರಳಿನಿಂದ ಸರಿಸಿ ತಿನ್ನತೊಡಗಿದಳು. ಎರಡು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಗಿರಿಜಕ್ಕ.

“ವಡೋದರಾದಾಗ ಯಾಕ ನಿಂತೀರಿ? ಆರಾಮ ಅದೀರಿಲ್ಲೋ?”

ನಾಷ್ಟಾ ಮಾಡುತ್ತಿದ್ದೇವೆ ಎಂದೆ, ಫೋನು ಇಟ್ಟೆ. ಆಮೇಲೆ ತಲೆ ಓಡಿತು. ಸೂರತ್ತಿಗೆ ಹೊರಟಿದ್ದೇ ನಾನು ಅವರಿಗೆ ಹೇಳಿರಲಿಲ್ಲ. ವಿದ್ಯಾಳೂ ಹೇಳಿರಲಿಲ್ಲ. ಇಲ್ಲಿ ನಮ್ಮನ್ನು ನೋಡಿ ಗದಗಿಗೆ ಸುದ್ದಿ ಮುಟ್ಟಿಸಲು ಉಸಳ್ ಅಂಗಡಿಯವನಿಗೆ ನೆಂಟಸ್ತಿಕೆ ಇರಲಾರದು. ಕೈಯಲ್ಲಿದ್ದ ಪಾವು ಹಾಗೆಯೇ ಉಳಿಯಿತು. ವಿದ್ಯಾಳಿಗೆ ಗಿರಿಜಕ್ಕನ ಮಾತನ್ನು ಹಾಗೇ ಒಪ್ಪಿಸಿದೆ.

ಅವಳು ಕೈ ಒರೆಸಿಕೊಂಡು ಆ್ಯಪು ತೆರೆದಳು. ಒಳಗೆ, ಒಳಗಿನ ಒಳಗೆ, ‘ಸುರಕ್ಷತೆ’ ಎಂಬ ಪುಟ. ‘ಪ್ರತಿ ಪ್ರಯಾಣವನ್ನೂ ಇವರಿಗೆ ತಿಳಿಸಲಾಗುತ್ತದೆ’ ಎಂಬುದರ ಕೆಳಗೆ ಒಂದೇ ಹೆಸರು, ‘ಅಮ್ಮ’.

ಇಲ್ಲಿ ನಮ್ಮ ಮನೆಯ ಕರೆಯುವ ರೀತಿ ಹೇಳಬೇಕು. ವಿದ್ಯಾಳಿಗೆ ಹೆತ್ತ ತಾಯಿ ‘ಅವ್ವ’. ತಂದೆಯ ಅಕ್ಕನಾದ ನಾನು ‘ಅತ್ತಿ’. ನಿಶ್ಚಯವಾದ ದಿನ, ಮನೆಯಲ್ಲಿ ಆಗಲೇ ಒಬ್ಬಳು ಅತ್ತಿ ಇದ್ದಾಳೆ, ಗೊಂದಲ ಯಾಕೆ, ನನ್ನನ್ನು ಅಮ್ಮ ಅನ್ನು ಎಂದು ಗಿರಿಜಕ್ಕನೇ ಹೇಳಿದ್ದರು. ಹಾಗೆಯೇ ಫೋನಿನಲ್ಲಿ ಬರೆದುಕೊಂಡಿದ್ದಳು. ಅದಾದ ವಾರಕ್ಕೆ ವಟ್ವಾದ ಗೇಟಿನ ಹೊರಗೆ ನಿಂತು, ಬಣ್ಣದ ಕೈಯಲ್ಲಿ, ಅವಸರದಲ್ಲಿ ಈ ಆ್ಯಪು ಇಳಿಸಿಕೊಂಡಿದ್ದಳು. ಅದು ಹೆಸರುಗಳನ್ನು ಕೇಳಿತು, ಹೂಂ. ಇರುವ ಜಾಗ ಕೇಳಿತು, ಹೂಂ. ಮತ್ತೇನೋ ಕೇಳಿತು, ಓದದೆ ಹೂಂ. ಅಮ್ಮ ಎಂದರೆ ತಾಯಿ ಎಂಬಷ್ಟು ಕನ್ನಡ ಆ್ಯಪಿಗೆ ಬರುತ್ತಿತ್ತು, ಸುದ್ದಿ ಮುಟ್ಟಿಸಲು ಆ ಹೆಸರನ್ನು ತಾನೇ ಆರಿಸಿಕೊಂಡಿತ್ತು. ಅವ್ವನವರೆಗೆ ಅದರ ಕನ್ನಡ ಬಂದಿರಲಿಲ್ಲ.

ಮೂರು ತಿಂಗಳ ಪಟ್ಟಿ ಅಲ್ಲೇ ಇತ್ತು. ಕಾರ್ಖಾನೆ, ಮನೆ, ಸಿನಿಮಾ, ಹಲ್ಲಿನ ಡಾಕ್ಟರು, ಶನಿವಾರದ ಹೆರಿಗೆ ಆಸ್ಪತ್ರೆ, ಶನಿವಾರದ ಹೆರಿಗೆ ಆಸ್ಪತ್ರೆ. ಹತ್ತಿದ ಹೊತ್ತು, ಇಳಿದ ಹೊತ್ತು, ಚಾಲಕನ ಹೆಸರು. ವಿದ್ಯಾ ಮೇಲಿಂದ ಕೆಳಗೆ ಓದಿದಳು, ಮತ್ತೆ ಮೇಲಕ್ಕೆ ಹೋದಳು. ಇವತ್ತು ತಡವಾಯಿತೇನು ಎಂದು ಗಿರಿಜಕ್ಕ ಆಗಾಗ ಕೇಳುತ್ತಿದ್ದುದನ್ನು ಅವಳು ತಾಯಿಕರುಳು ಎಂದುಕೊಂಡಿದ್ದಳಂತೆ. ಆಮೇಲೆ ನನ್ನ ಕಡೆ ತಿರುಗಿದಳು.

“ಅತ್ತಿ, ನೀ ಖರೇನ ಊರು ನೋಡಾಕ ಬಂದೀಯೇನು?”

ಇಲ್ಲ ಎಂದೆ. ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ, ಅದೇ ಕಷ್ಟವಾಯಿತು.

“ಅದು ಮಿಷನ್ನು, ಅದಕ್ಕ ತಿಳಿಯಂಗಿಲ್ಲ. ನೀ ಒಂದು ಮಾತು ನನ್ನ ಕೇಳಬಾರದಿತ್ತೇನು?” ಎಂದಳು. ಕಾರು ಹತ್ತಿ ಮುಂದೆ ರಮೇಶಭಾಯಿಯ ಪಕ್ಕದಲ್ಲಿ ಕೂತಳು.

ವಡೋದರಾದಿಂದ ಸೂರತ್ತಿಗೆ ನೂರೈವತ್ತು ಕಿಲೋಮೀಟರು. ಭರೂಚ್ ಬಳಿ ನರ್ಮದೆಯನ್ನು ದಾಟಿದೆವು. ನದಿ ಅಗಲವಾಗಿ, ಅವಸರವಿಲ್ಲದೆ ಇತ್ತು. ಕೈ ಮುಗಿದೆ. ಅಲ್ಲಿನ ಉಪ್ಪುಶೇಂಗಾ ಹೆಸರುವಾಸಿ ಎಂದು ರಮೇಶಭಾಯಿ ಹೇಳಿದ್ದಕ್ಕೆ ಎರಡು ಪೊಟ್ಟಣ ಕೊಂಡು ಮುಂದಕ್ಕೆ ಚಾಚಿದೆ. ವಿದ್ಯಾ ತೆಗೆದುಕೊಳ್ಳಲಿಲ್ಲ. ಮದುವೆ ಮುರಿದರೆ ಮುರಿಯಲಿ ಎಂದು ಅವಳು ಫೋನಿನಲ್ಲಿ ಅವ್ವನಿಗೆ ಹೇಳುವುದು ಹಿಂದಿನ ಸೀಟಿಗೆ ಕೇಳಿಸಿತು. ಬೆನ್ನ ಹಿಂದೆ ಲೆಕ್ಕ ಹಿಡಿಯುವ ಮನೆಯಲ್ಲಿ ತಾನು ಬಾಳಲಾರೆ ಎಂದಳು. ತಪ್ಪು ಎನ್ನುವ ಹಕ್ಕು ನನಗಿರಲಿಲ್ಲ.

ಸೂರತ್ತಿನಲ್ಲಿ ಬಿಸಿಲು ಚುರುಕಾಗಿತ್ತು. ವಿದ್ಯಾ ಗಿರಣಿಗೆ ಹೋದಳು. ನಾನು ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕೂತೆ. ಮಧ್ಯಾಹ್ನ ಎದುರಿನ ಅಂಗಡಿಯಲ್ಲಿ ಲೋಚೋ ತಿಂದೆ. ಹಬೆಯಲ್ಲಿ ಬೆಂದ ಕಡಲೆಹಿಟ್ಟು, ಮೇಲೆ ಎಣ್ಣೆ, ಸೇವು. ಢೋಕ್ಲಾ ಮಾಡಲು ಹೋಗಿ ಕೆಟ್ಟದ್ದರಿಂದ ಹುಟ್ಟಿದ ತಿಂಡಿ ಎಂದು ಅಂಗಡಿಯವನು ಹೇಳಿದ. ಕೆಟ್ಟದ್ದೆಲ್ಲ ಹೀಗೆ ರುಚಿಯಾಗುವುದಿಲ್ಲ.

ಸಂಜೆ ಬಂದವಳೇ ವಿದ್ಯಾ ಗಿರಿಜಕ್ಕನಿಗೆ ಫೋನು ಹಚ್ಚಿ, ನನಗೂ ಕೇಳುವಂತೆ ಮಂಚದ ಮೇಲೆ ಇಟ್ಟಳು. ನನ್ನ ಹಿಂದೆ ಯಾಕೆ ಕಣ್ಣಿಟ್ಟಿರಿ ಎಂದು ನೇರವಾಗಿ ಕೇಳಿದಳು. ಆ ಕಡೆ ಕುಕ್ಕರು ಕೂಗುತ್ತಿತ್ತು.

“ಕಣ್ಣಿಡೋದು ಯಾಕವ್ವ? ನೀನs ಕಳಸ್ತಿದ್ದೆಲ್ಲ?” ಎಂದರು ಗಿರಿಜಕ್ಕ. “ಮನಿ ಬಿಡೂ ಮುಂದ ಒಂದು ಮೆಸೇಜು, ಮುಟ್ಟಿದ ಮ್ಯಾಲ ಒಂದು. ದಿನಾ ಹೇಳಿ ಹೋಗೂ ಸೊಸಿ ಅಂತ ಓಣಿ ತುಂಬ ಹೇಳ್ಕೊಂಡೀನಿ. ನೀ ಮುಟ್ಟೂ ತನಕ ನಾ ಉಂಡಿಲ್ಲ.”

ವಿದ್ಯಾ ಫೋನಿನ ಹತ್ತಿರಕ್ಕೆ ಬಾಗಿದಳು. ಹಾಗಾದರೆ ಆಸ್ಪತ್ರೆಯ ಮಾತು ನನ್ನನ್ನು ಕೇಳಲಿಲ್ಲ ಯಾಕೆ ಎಂದಳು.

“ಬಾಯಿಲೆ ಹೇಳಾಕ ಆಗಲಾರದ್ದನ್ನ ಹಿಂಗ ತಿಳಸಾಕತ್ತಾಳ ಅನ್ಕೊಂಡೆ. ಏನರ ಆಗಿದ್ರ ಒಬ್ಬಾಕಿನs ಅನುಭವಿಸಬಾರದು ಅಂತ ಅತ್ತೀನ ಕಳಿಸಿದೆ.”

ನಾನು ಕಿಟಕಿಯ ಕಡೆ ತಿರುಗಿದೆ. ಗಿರಿಜಕ್ಕ ನನಗೆ ‘ಹೋಗಿ ಬರ್ರಿ’ ಎಂದಿದ್ದರಷ್ಟೇ. ಪತ್ತೆ ಮಾಡಿ ಎಂದು ಅದಕ್ಕೆ ಅರ್ಥ ಹಚ್ಚಿದ್ದು ನಾನು. ವಿದ್ಯಾ ಆ್ಯಪಿನ ಕಥೆಯನ್ನು, ಸಂದಿಯ ಮನೆಯನ್ನು, ಒತ್ತಕ್ಷರವನ್ನು ವಿವರಿಸಿದಳು. ತಾನು ಒಂದು ಸಲವೂ ಕಳಿಸಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಗಿರಿಜಕ್ಕ ‘ಹೌದೇನು’ ಎಂದರು. ಆ ಬಾಡಿದ ದನಿ ಕೇಳಿ ನನಗೆ ಕಷ್ಟವಾಯಿತು. ಫೋನಿಟ್ಟ ಮೇಲೆ ವಿದ್ಯಾ ಸುರಕ್ಷತೆಯ ಪುಟದಿಂದ ‘ಅಮ್ಮ’ನನ್ನು ತೆಗೆದಳು. ಆಗಲೇ ಕೊಟ್ಟ ಹೆಸರುಗಳನ್ನು, ಪ್ರಯಾಣದ ಪಟ್ಟಿಯನ್ನು ಅಳಿಸಿಹಾಕಿ ಎಂದು ಕಂಪನಿಗೆ ಬರೆದಳು. ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ ಎಂದು ಕೂಡಲೇ ಉತ್ತರ ಬಂತು. ವಿದ್ಯಾ ಮದುವೆಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಉಪ್ಪುಶೇಂಗಾದ ಒಂದು ಪೊಟ್ಟಣ ಮಾತ್ರ ಒಡೆದಳು.

ಮರುದಿನ ಬೆಳಿಗ್ಗೆ ಸೂರತ್ ನಿಲ್ದಾಣದಲ್ಲಿ ನನ್ನನ್ನು ಹತ್ತಿಸಿದಳು. ಈ ಸಲ ಕೆಳಗಿನ ಬರ್ತು. ಅವಳ ಗಾಡಿ ಎದುರಿನ ಪ್ಲಾಟ್‌ಫಾರ್ಮಿನಿಂದ ಉತ್ತರಕ್ಕೆ, ನನ್ನದು ದಕ್ಷಿಣಕ್ಕೆ. ಕಾಲಿಗೆ ಬಿದ್ದಳು, ಎಂದಿನಂತೆ ನಗಲಿಲ್ಲ. ಗಾಡಿ ಬಿಟ್ಟಾಗ ಹಿಂತಿರುಗಿ ನೋಡಿದೆ. ಅವಳು ಆಗಲೇ ಮೆಟ್ಟಿಲ ಕಡೆ ನಡೆದಿದ್ದಳು.

ಮಧ್ಯಾಹ್ನ ವಸಯಿ ದಾಟಿದ ಮೇಲೆ ಗಿರಿಜಕ್ಕನ ಫೋನು ಬಂತು. ವಿದ್ಯಾ ಮನೆ ಮುಟ್ಟಿದಳೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿನ್ನೆಯಿಂದ ಏನೂ ಕಾಣುತ್ತಿಲ್ಲ ಎಂದರು. ಅವಳು ಅದನ್ನು ಬಂದ್ ಮಾಡಿದ್ದಾಳೆ ಎಂದೆ.

“ಮಾಡ್ಲಿ, ಅದs ಚಲೋ,” ಎಂದರು. ತಾವಿನ್ನೂ ಉಂಡಿಲ್ಲ ಎಂದೂ ಸೇರಿಸಿದರು. ನಾನು ಸುರಂಗ ಬಂತು ಎಂದು ಸುಳ್ಳು ಹೇಳಿ ಫೋನಿಡಲು ನೋಡಿದೆ.

“ತಡೀರಿ, ತಡೀರಿ,” ಎಂದರು ಗಿರಿಜಕ್ಕ. “ನಡುವ ಅಕಿ ಫೋನು ಬರಾಕತ್ತೈತಿ.”

ಇಡುತ್ತೇನೆ ಎಂದೂ ಹೇಳದೆ ನನ್ನ ಕರೆ ಕತ್ತರಿಸಿದರು.