ಮಹಡಿ ಕೋಣೆಯ ಚೌಕಾಶಿ

ನೂರೈವತ್ತು ರೂಪಾಯಿ ಉಳಿಸಲು ಹೋಗಿ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ. ಅದೂ ನನ್ನ ರೊಕ್ಕವಲ್ಲ, ಆಫ್ರಿಕಾದಿಂದ ಓದಲು ಬಂದಿದ್ದ ಒಬ್ಬ ಹುಡುಗನದು. ಇಷ್ಟು ತುಟ್ಟಿಯ ವ್ಯವಹಾರವನ್ನು ನಾನು ಮತ್ತೆಂದೂ ಮಾಡಿಲ್ಲ.

ಇದು ನೆನಪಾದದ್ದು ನಿನ್ನೆ, ಗಜೇಂದ್ರಗಡದಿಂದ ಹೊರಟ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತವರು ಚೀಲವನ್ನು ಕಾಲಡಿ ಸರಿಸಿಕೊಂಡು ಊರು ಕೇಳಿದರು, ದಂಧೆ ಕೇಳಿದರು. ನರಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಎಂದೆ. ಆಮೇಲೆ ದನಿ ತುಸು ಇಳಿಸಿ ನಗುತ್ತಲೇ ಕೇಳಿದರು: "ಅಂದಂಗ, ನೀವು ಯಾವ ಮಂದಿರಿ?" ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಕಾರಣ ತಿಳಿಯಲಿಲ್ಲ. ನಿಮಗಾದರೂ ಹೇಳುತ್ತೇನೆ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಮುಶಿಗೇರಿಯಿಂದ ಹೋಗಿ ನಾನು ಧಾರವಾಡದಲ್ಲಿ ಕೃಷಿ ಓದುತ್ತಿದ್ದೆ. ಓದಿಗಿಂತ ಚೌಕಾಶಿಯಲ್ಲಿ ನನ್ನ ಹೆಸರು ದೊಡ್ಡದು. ಹಾಸ್ಟೆಲಿನಲ್ಲಿ ಯಾರಿಗೆ ಹಳೇ ಸೈಕಲ್ ಬೇಕಾದರೂ, ಗಾದಿ ಬೇಕಾದರೂ ನನ್ನನ್ನೇ ಮುಂದೆ ಬಿಡುತ್ತಿದ್ದರು. ನನ್ನ ಗುಟ್ಟು ಇಷ್ಟೇ: ಅಂಗಡಿಯವನು ಯಾವ ಮಂದಿ, ಅಂದರೆ ಯಾವ ಜಾತಿ, ಎಂದು ಮೊದಲು ತಿಳಿಯುವುದು, ಮರುಕ್ಷಣ ನಾನೂ ಅವರ ಪೈಕಿಯೇ ಆಗಿಬಿಡುವುದು. ಅದನ್ನು ಜಾಣತನ ಎಂದುಕೊಂಡಿದ್ದೆ.

ನಮ್ಮ ತರಗತಿಯಲ್ಲಿ ತಾಂಜಾನಿಯಾದ ಜುಮಾ ಇದ್ದ. ಕಿವಿಗೆ ಬಿದ್ದ ಕನ್ನಡವನ್ನೆಲ್ಲ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಒಂದು ದಿನ ನಮ್ಮ ಹಿರಿಯ ಪ್ರಾಧ್ಯಾಪಕರ ಎದುರು ಕೈಮುಗಿದು, "ನಮಸ್ಕಾರ್ರಿ ಸರ್, ಯಾವ ಮಂದಿರಿ ನೀವು?" ಎಂದುಬಿಟ್ಟ. ಅವರ ಮುಖ ನೋಡಬೇಕಿತ್ತು. ನೋಟ್‌ಬುಕ್ ತೆಗೆಸಿದರೆ, ಆ ಪ್ರಶ್ನೆಯನ್ನು ನಮಸ್ಕಾರದ ಕೆಳಗೇ ಬರೆದಿದ್ದ. ಹೊಸಬರು ಸಿಕ್ಕಾಗಲೆಲ್ಲ ನಾವು ಅದನ್ನೇ ಕೇಳುವುದು ನೋಡಿ, ಕ್ಷೇಮ ವಿಚಾರಿಸುವ ಪದ್ಧತಿ ಎಂದುಕೊಂಡಿದ್ದನಂತೆ. ದೊಡ್ಡವರನ್ನು ಹಾಗೆ ಕೇಳಬಾರದು ಎಂದಷ್ಟೇ ಹೇಳಿ, ನಾವು ವಾರವಿಡೀ ನಕ್ಕೆವು. ನಗದವನು ದೇವಪ್ಪ ಒಬ್ಬನೇ.

ದೇವಪ್ಪ ಲಕ್ಕಲಕಟ್ಟಿಯವನು. ಗಜೇಂದ್ರಗಡದ ಹೈಸ್ಕೂಲಿನಿಂದಲೂ ನಾವು ಒಂದೇ ಬೆಂಚು. ಅವನು ಊರ ಹೊರಗಿನ ಕೇರಿಯವನೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುವುದೇ ನನ್ನ ದೊಡ್ಡತನ ಎಂದು ಬೀಗುತ್ತಿದ್ದೆ. ಜುಮಾ ಮತ್ತು ದೇವಪ್ಪನಿಗೆ ಓದಿನ ಭಾಗವಾಗಿ ಬೆಳವಣಕಿಯ ಕರಿ ಹೊಲದಲ್ಲಿ ಕೆಲಸ ಬಿತ್ತು. ಕಡಲೆ ಬೆಳೆ ನಿಂತಿರುವಷ್ಟು ದಿನ, ಬಿಸಿಲೇರುವ ಮೊದಲು, ತಮ್ಮ ತಮ್ಮ ಪಾಲಿನ ಹೊಲದ ತುಂಡಿನಲ್ಲಿ ಮಣ್ಣಿನ ತೇವ ಅಳೆಯಬೇಕು. ಅಳತೆ ತಪ್ಪಿದರೆ ವರ್ಷ ಹೋಯಿತು. ಮೂರು ತಿಂಗಳು ಹತ್ತಿರದ ರೋಣದಲ್ಲಿ ಇಬ್ಬರಿಗೂ ಕೋಣೆ ಬೇಕಿತ್ತು. ನಾನಿರುವಾಗ ಏನು ಚಿಂತೆ ಎಂದೆ.

ರೋಣದ ನಿವೃತ್ತ ಮಾಸ್ತರರೊಬ್ಬರ ಮಹಡಿ ಕೋಣೆ ಖಾಲಿ ಇತ್ತು. ಜುಮಾನನ್ನು ಕಂಡು ಮಾಸ್ತರರು ಹಿಗ್ಗಿಹೋದರು. ಕೋಣೆಯಲ್ಲೇ ಚಾಪೆ ಹಾಸಿ ಕೂರಿಸಿದರು, ಚಹಾಕ್ಕೆ ಹೇಳಿದರು, ಅವನ ದೇಶದ ಮಳೆ-ಬೆಳೆ ವಿಚಾರಿಸಿದರು. ಆಮೇಲೆ ದೇವಪ್ಪನ ಕಡೆ ತಿರುಗಿದರು. "ನೀ ಯಾವ ಮಂದಿ ಪೈಕಿ, ತಮ್ಮಾ?"

ಕೇಳಿದರೆ ನಮ್ಮ ಮಂದಿಯ ಹೆಸರು ಹೇಳು ಎಂದು ದಾರಿಯಲ್ಲೇ ನಾನು ಅವನಿಗೆ ಪಾಠ ಮಾಡಿದ್ದೆ. ಅವನು ತನ್ನದನ್ನೇ ಹೇಳಿದ.

ಮಾಸ್ತರರು ಸಿಟ್ಟಾಗಲಿಲ್ಲ. "ತಪ್ಪ ತಿಳ್ಕೋಬ್ಯಾಡ. ನಂದೇನಿಲ್ಲ, ಮನ್ಯಾಗ ಹೆಣ್ಮಕ್ಕಳು ಒಪ್ಪೂದಿಲ್ಲ" ಎಂದರು. ಈ 'ನಂದೇನಿಲ್ಲ' ಕೇಳಿದರೆ ನಾನು ಇವತ್ತಿಗೂ ಹಲ್ಲು ಕಡಿಯುತ್ತೇನೆ. ನಮ್ಮ ಸೀಮೆಯಲ್ಲಿ ಯಾರದೂ ಏನೂ ಇರುವುದಿಲ್ಲ, ಕೋಣೆ ಮಾತ್ರ ಸಿಗುವುದಿಲ್ಲ. ಸಮುದ್ರ ದಾಟಿ ಬಂದವನು ನಡೆಯುತ್ತಾನೆ, ಅದೇ ತಾಲೂಕಿನವನು ನಡೆಯುವುದಿಲ್ಲ.

ದೇವಪ್ಪ ಎದ್ದು ಮೆಟ್ಟಿಲು ಇಳಿದ. ನಾನೇನು ಮಾಡಿದೆ, ಕೇಳಿ. ಕೂತೇ ಇದ್ದೆ. ಚಹಾ ಬಂತು, ಕುಡಿದೆ. ಕಪ್ಪು ಕೆಳಗಿಟ್ಟು, "ಇನ್ನ ಒಬ್ಬಾಂವನ ಇರಾಂವಲ್ರಿ ಮಾಸ್ತರ, ಬಾಡಿಗಿ ಇಳಸ್ರಿ" ಎಂದೆ. ತಿಂಗಳಿಗೆ ಐವತ್ತರಂತೆ ಇಳಿಸಿದರು. ಗೆದ್ದೆನೆಂಬ ಹಿಗ್ಗೂ ಆಯಿತು, ಸುಳ್ಳು ಹೇಳುವುದಿಲ್ಲ.

ಹೊರಗೆ ಬಂದ ಮೇಲೆ ಜುಮಾ, ಕ್ಷೇಮ ಕೇಳಿದ್ದಕ್ಕೆ ದೇವಪ್ಪ ಏಕೆ ಎದ್ದುಹೋದ ಎಂದ. ಆ ಮಾತಿನ ಅರ್ಥವನ್ನು ನಾನೀಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಸಾವಿರ ಸಲ ಆಡಿದ್ದ ಮಾತು, ಪರಭಾಷೆಯಲ್ಲಿ ನನ್ನ ಬಾಯಿಂದಲೇ ಹೊರಟಾಗ ಹೊಲಸು ನಾರಿತು. ಜುಮಾ ಆಡಿಕೊಳ್ಳಲಿಲ್ಲ. ಹೆಸರು ಹಿಡಿದು ಬುಡಕಟ್ಟು ಹುಡುಕುವವರು ತಮ್ಮಲ್ಲೂ ಇದ್ದಾರೆ ಎಂದ. ತುಸು ದೂರ ನಡೆದು ಕೇಳಿದ: "ಅವನು ಹೋದ ಮೇಲೆ ನೀವಿಬ್ಬರೂ ಮಾತಾಡಿದ್ದು ಬಾಡಿಗೆಯ ಬಗ್ಗೆಯೇ?"

ದೇವಪ್ಪ ಬಸ್ ನಿಲ್ದಾಣದಲ್ಲಿದ್ದ. ನನ್ನನ್ನು ಚೆನ್ನಾಗಿ ಬಲ್ಲವನು. "ಎಷ್ಟ ಇಳಿಸಿದಿ?" ಎಂದ. ಹೇಳಿದೆ. "ದೊಡ್ಡ ಸಾಹುಕಾರ ಆಗ್ತಿ ಬಿಡಲೇ" ಎಂದು ಬಸ್ ಹತ್ತಿದ.

ಜುಮಾನ ವೀಸಾದ ದಿನಗಳು ಓಡುತ್ತಿದ್ದವು, ಬೇರೆ ಕೋಣೆ ಹುಡುಕುತ್ತ ಕೂರುವಂತಿರಲಿಲ್ಲ. ಜುಮಾ ಆ ಕೋಣೆಯಲ್ಲೇ ಉಳಿದ. ಮತ್ತೊಂದು ಮನೆಯ ಬಾಗಿಲಿಗೆ ಹೋಗಲು ಒಪ್ಪದ ದೇವಪ್ಪ ಊರಿನಿಂದಲೇ ಓಡಾಡಿದ. ಮೊದಲ ಬಸ್ಸು ಹಿಡಿದರೂ ಬೆಳವಣಕಿ ಮುಟ್ಟುವಷ್ಟರಲ್ಲಿ ಬಿಸಿಲೇರಿಬಿಡುತ್ತಿತ್ತು. ನಿನ್ನ ಅಳತೆ ನಾನು ಬರೆದಿಡುತ್ತೇನೆ ಎಂದ ಜುಮಾನಿಗೆ, ಸುಳ್ಳು ಲೆಕ್ಕ ಬೇಡ ಎಂದನಂತೆ. ವರ್ಷ ಹೋಯಿತು. ಮುಂದಿನ ವರ್ಷ ದೇವಪ್ಪ ಓದು ಬಿಟ್ಟ. ಈಗ ಹುಬ್ಬಳ್ಳಿಯಲ್ಲಿದ್ದಾನೆ. ಎರಡು ಸಲ ಫೋನು ಹಚ್ಚಿದೆ. ಒಂದೇ ಬೆಂಚಿನಲ್ಲಿ ಕೂತು ನನಗೆ 'ಲೇ' ಅನ್ನುತ್ತಿದ್ದವನು, ಎರಡು ಸಲವೂ "ಹೇಳ್ರಿ" ಎಂದ. ನಾನೇ ಫೋನು ಇಟ್ಟುಬಿಟ್ಟೆ.

ನಿನ್ನೆ ಬಸ್ಸಿನವರಿಗೆ, ಅದನ್ನು ಕೇಳಬೇಡಿ ಎಂದೆ. ರೋಣ ಬರುವತನಕ ಅವರು ಕಿಟಕಿಯತ್ತ ಮುಖ ಮಾಡಿ ಕೂತರು. ಕೂರಲಿ.

ವ್ಯಾಪಾರದಲ್ಲಿ ಪಳಗಿದವನ ಮಾತು, ಪುಕ್ಕಟೆ ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ಕೋಣೆ ನೋಡಲು ಗೆಳೆಯನನ್ನು ಕರೆದೊಯ್ಯುವಾಗ ಅವನಿಗೆ ಸುಳ್ಳು ಕಲಿಸಬೇಡಿ. ಕೂರುವ ಮೊದಲೇ, ನಾವು ಇಬ್ಬರೂ ಇರುವವರು, ಕೊಡುವುದಾದರೆ ಇಬ್ಬರಿಗೂ ಕೊಡಿ ಎಂದುಬಿಡಿ. ಆದರೂ ಆ ಪ್ರಶ್ನೆ ಬಂದರೆ, ಅವನು ಏಳುವ ಮುಂಚೆ ನೀವು ಏಳಿ. ಚಹಾ ಬರುವತನಕ ಕಾಯಬೇಡಿ.